ಬೇರ್ಪಡಿಸಿ ಕೊಡಿ

ಸೋಮವಾರ ಕೊರಗಿನ ದಿನ. ಮಾಡಿದ ತಪ್ಪುಗಳ ಕೊರಗನ್ನು ಕಪ್ಪು ಚೀಲಕ್ಕೆ ಕಕ್ಕಿ, ಬಡಾವಣೆಯ ಜನ ಗೇಟಿನಲ್ಲಿ ನಿಂತಿದ್ದರು. ಚೀಲ ಕಸದ ಗಾಡಿ ಹತ್ತಿದರೆ ಸಾಕು, ಅವರಿಗೆ ಹೊಸ ದಿನ, ಹೊಸ ಹಸಿವು. ಹಗುರಾಗುವ ಆ ಮುಖಗಳಿಗಿಂತ ಹಸಿ ಕಸವೇ ವಾಸಿ ಎನಿಸುತ್ತಿತ್ತು ಪೌರಕಾರ್ಮಿಕೆ ಮುತ್ಯಾಲಮ್ಮನಿಗೆ.

ಒಳಚರಂಡಿ ಗುತ್ತಿಗೆದಾರ ಚಂದ್ರಮೌಳಿ ರೇಷ್ಮೆ ಪಂಚೆಯಲ್ಲಿ ಬಂದ.

"ಬೇಗ ತಗೊಳಮ್ಮ. ಇವತ್ತು ಮಗಳ ನಿಶ್ಚಿತಾರ್ಥ. ಮನಸ್ಸು ನಿರಾಳವಾಗಿರಬೇಕು ನೋಡು."

ಪದ್ಧತಿಯಂತೆ ಮುತ್ಯಾಲಮ್ಮ ಗಂಟು ಬಿಚ್ಚಿದಳು. ಬಿಚ್ಚಿದ ಕೂಡಲೇ ಕೊರಗು ಅದರ ಯಜಮಾನನ ದನಿಯಲ್ಲೇ ಮಾತಾಡುತ್ತದೆ, ಮತ್ತೆ ಕಟ್ಟುವವರೆಗೂ.

"ಓಬಳೇಶನನ್ನ ಮ್ಯಾನ್‌ಹೋಲಿಗೆ ಇಳಿಸಿದ್ದು ನಾನೇ. ಆದರೂ ಅವನು ಕುಡಿದಿದ್ದ. ಅವನ ಆಯಸ್ಸೇ ಅಷ್ಟು."

ಓಬಳೇಶ ಮುತ್ಯಾಲಮ್ಮನ ಗಂಡ. ಸತ್ತು ಹದಿನಾಲ್ಕು ದಿನ. ಹೆಂಡ ಮುಟ್ಟಿದವನೇ ಅಲ್ಲ.

ಅವಳು ಚೀಲ ವಾಪಸ್ಸು ಕೊಟ್ಟಳು. "ಇದು ತಗೊಳಲ್ಲ ಸಾರ್."

"ಏಯ್, ಯಾಕೆ? ಅದು ನಿನ್ನ ಕೆಲಸ!"

"ಮಿಕ್ಸ್ ಕಸ ತಗೊಳಂಗಿಲ್ಲ, ನಿಮ್ಮಂಥೋರೇ ಮಾಡಿರೋ ರೂಲ್ಸು. ಕೊರಗಿನ ಜೊತೆ ಸುಳ್ಳು ಸೇರಿಸಿದ್ದೀರಿ. ಬೇರ್ಪಡಿಸಿ ಕೊಡಿ."

"ಹೆಂಗಮ್ಮ ಬೇರ್ಪಡಿಸೋದು?"

"ಈ ಬೀದೀಲಿ ನಿಂತು, ನಾನೇ ಕೊಂದೆ ಅಂತ ಗಟ್ಟಿಯಾಗಿ ಹೇಳಿ. ಸುಳ್ಳು ತಾನಾಗೇ ಉದುರುತ್ತೆ."

ಚಂದ್ರಮೌಳಿ ಬೀದಿಯ ಆಚೆ ಈಚೆ ನೋಡಿದ. ಎಲ್ಲ ಗೇಟುಗಳಲ್ಲೂ ಜನ. ಚೀಲವನ್ನು ಎದೆಗೆ ಅವಚಿಕೊಂಡು ಸರಸರನೆ ಒಳಗೆ ಹೋದ.

ಮುತ್ಯಾಲಮ್ಮ ಸೀಟಿ ಊದಿ ಮುಂದಿನ ಮನೆಗೆ ನಡೆದಳು. ಅವಳು ಗಂಟು ಕಟ್ಟಿರಲಿಲ್ಲ. ಚಂದ್ರಮೌಳಿಯ ನಡುಮನೆಯಲ್ಲಿ, ಬೀಗರ ಮುಂದೆ, ಚೀಲ ಮಾತಾಡುತ್ತಲೇ ಇತ್ತು.