ಬಾಗಿಲ ಹಿಂದಿನ ಮೊಳೆ

ಮೂರನೆಯ ಮೀನೂ ಸತ್ತು ತೇಲಿದ ಮೇಲೆ ಗಾರ್ಡ್ ಸಾಹೇಬರು ಈ ಸಲ ಹೆಂಡತಿಯನ್ನೂ ಕರೆದುಕೊಂಡೇ ಮೀನಿನ ಅಂಗಡಿಗೆ ಬಂದರು. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. ಅಂಗಡಿಯಾಕೆ ಮೊಣಕೈವರೆಗೆ ಒದ್ದೆಯಾಗಿ, ಬಲೆ ಹಿಡಿದು ನಿಂತಿದ್ದಳು.

"ನಿಮ್ಮ ಹಳೇ ಮೀನು ಮತ್ತೆ ಕೊಂದುಹಾಕ್ತಾ ಸರ್?"

"ಅದರ ಸಿಗ್ನಲ್ ಇಲ್ದೆ ಒಂದು ಹುಳಾನೂ ಒಳಗೆ ಬರೋ ಹಾಗಿಲ್ಲಮ್ಮ. ಸ್ಟೇಷನ್ ಮಾಸ್ಟರ್ ಅಂತಾನೇ ಹೆಸರಿಟ್ಟಿದ್ದೀನಿ."

ಮೂವತ್ತನಾಲ್ಕು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಬೀಸಿದವರು ಗಾರ್ಡ್. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನಾಲ್ಕು ತಿಂಗಳ ಹಿಂದೆ ನಿವೃತ್ತರಾದಾಗ ಆರಡಿ ಉದ್ದದ ತೊಟ್ಟಿ ತಂದು ನಡುಮನೆಯ ಗೋಡೆಗೆ ಸೇರಿಸಿ ಇಟ್ಟು, ಹಣೆ ಉಬ್ಬಿದ ಕಿತ್ತಳೆ ಬಣ್ಣದ, ಸಿಕ್ಲಿಡ್ ಜಾತಿಯ ಒಂದು ಮೀನು ಬಿಟ್ಟಿದ್ದರು. ನಡುಮನೆಯ ಉಳಿದ ಜಾಗವೆಲ್ಲ ಹೆಂಡತಿಯದು. ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ನೂಲಿನ ಡಬ್ಬಿಗಳು. ಒಮ್ಮೆ ಗಾರ್ಡ್ ಒಂದು ಡಬ್ಬಿ ಆಚೀಚೆ ಇಟ್ಟದ್ದಕ್ಕೆ ಎರಡು ದಿನ ಮಾತಿರಲಿಲ್ಲ. ಅಳತೆ ಕೊಡಲು ಹೆಂಗಸರು ಬಂದರೆ "ರೀ, ಸ್ವಲ್ಪ ಹೊರಗಿರಿ" ಎಂಬ ಮಾತು ಬರುತ್ತಿತ್ತು. ಗಾರ್ಡ್ ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ತೊಟ್ಟಿ ಬಿಟ್ಟರೆ ಆ ಮನೆಯಲ್ಲಿ ಅವರದು ಅಂತ ಇದ್ದದ್ದು ಬಾಗಿಲ ಹಿಂದೆ ಒಂದು ಮೊಳೆ, ಡ್ಯೂಟಿ ಚೀಲ ನೇತುಹಾಕಲು.

"ಈ ನೀಲಿದು ಕೊಡಮ್ಮ, ಲಕ್ಷಣವಾಗಿದೆ," ಎಂದು ಗಾಜಿಗೆ ಬೆರಳಿಟ್ಟರು ಗಾರ್ಡ್.

"ಬೇಡ ಸರ್. ಅದಕ್ಕೆ ಗಡಸು ನೀರು ಬೇಕು. ಗಾತ್ರಾನೂ ಸಾಲ್ದು, ನಿಮ್ಮ ಮಾಸ್ಟರಿಗೆ ಒಂದು ಹೊತ್ತಿನ ತಿಂಡಿ." ಅಂಗಡಿಯಾಕೆ ಕಪ್ಪು ಪಟ್ಟೆಯ ದಪ್ಪ ಮೀನುಗಳ ಕಡೆ ತೋರಿಸಿದಳು. "ಇವೂ ಸಿಕ್ಲಿಡ್ಡೇ. ಅದರಷ್ಟೇ ದೊಡ್ಡವು, ಅಷ್ಟೇ ಕೊಬ್ಬು. ಮೂರು ಒಟ್ಟಿಗೆ ಬಿಡಿ, ಏಟು ಹಂಚಿಹೋಗುತ್ತೆ. ಅದಿರ್ಲಿ, ತೊಟ್ಟಿಯೊಳಗೆ ಕಲ್ಲು, ಮಡಕೆ ಎಲ್ಲ ಹೇಗಿದೆ?"

"ಮೊದಲ ದಿನ ಇಟ್ಟ ಹಾಗೇ ಇದೆ."

"ಅಲ್ಲೇ ನೋಡಿ ಎಡವಟ್ಟಾಗಿದ್ದು!"

ಹಿಂದೆ ನಿಂತಿದ್ದ ಹೆಂಡತಿ ಮುಂದೆ ಬಂದರು. "ಯಾಕಮ್ಮ, ನಮ್ಮ ಮೀನು ಅಷ್ಟು ಕೆಟ್ಟದ್ದಾ?"

"ಕೆಟ್ಟದ್ದಲ್ಲ ಅಕ್ಕಾ. ಪಾಪ, ಒಂಟಿಯಾಗಿ ಬಾಳಿ ಅಭ್ಯಾಸ ಅದಕ್ಕೆ. ಒಂದೊಂದು ಕಲ್ಲೂ ಕಣ್ಮುಚ್ಚಿದ್ರೂ ಗೊತ್ತು. ಬಂದೋರೆಲ್ಲ ಕಳ್ಳರ ಹಾಗೆ ಕಾಣ್ತಾರೆ, ಅಷ್ಟೇ. ಹೊಸ ಮೀನು ಬಿಡೋ ಮುಂಚೆ ಕಲ್ಲು ಮಡಕೆ ಎಲ್ಲಾದರ ಜಾಗ ಬದಲಾಯಿಸಿಬಿಡಿ. ಆಗ ಬಂದೋರಿಗೂ ಹೊಸ ಮನೆ, ಇದ್ದೋರಿಗೂ ಹೊಸ ಮನೆ. ಜಗಳಕ್ಕೆ ಪುರುಸೊತ್ತೇ ಇರಲ್ಲ, ಎಲ್ರೂ ಅವರವರ ಮೂಲೆ ಹುಡುಕ್ತಾ ಇರ್ತಾರೆ." ಆಕೆ ಗಾರ್ಡ್ ಕಡೆ ತಿರುಗಿದಳು. "ಸತ್ತ ಮೀನು ಕೊನೇ ದಿನಗಳಲ್ಲಿ ಎಲ್ಲಿರ್ತಿತ್ತು ಸರ್?"

"ಫಿಲ್ಟರ್ ಪೈಪಿನ ಹಿಂದೆ. ಕರೆದರೂ ಈಚೆ ಬರ್ತಿರಲಿಲ್ಲ," ಎಂದರು ಗಾರ್ಡ್. ಆಮೇಲೆ ಯಾರೂ ಕೇಳದಿದ್ದರೂ ಸೇರಿಸಿದರು: "ಮೆಟ್ಟಿಲ ಮೇಲೆ ಕೂತ ಹಾಗೆ."

ಹೆಂಡತಿ ಅವರ ಮುಖವನ್ನೊಮ್ಮೆ ನೋಡಿದರು. ಗಾರ್ಡ್ ಪಟ್ಟೆ ಮೀನುಗಳನ್ನು ಎಣಿಸುತ್ತಿದ್ದರು. "ನಾನು ಮನೆಗೆ ಹೋಗಿ ಕಲ್ಲು ಸರಿಸಿಡ್ತೀನಿ. ನೀವು ನಿಧಾನಕ್ಕೆ ಆರಿಸಿ, ಸಂಜೆ ಹೊತ್ತಿಗೆ ತನ್ನಿ," ಎಂದು ಹೆಂಡತಿ ಹೊರಟೇಬಿಟ್ಟರು.

ನೀರು ತುಂಬಿದ ಮೂರು ಪ್ಲಾಸ್ಟಿಕ್ ಚೀಲಗಳನ್ನು ಕೂಸಿನ ಹಾಗೆ ಎದೆಗವಚಿಕೊಂಡು ಗಾರ್ಡ್ ಬಂದಾಗ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವರು ಹಿಂದಕ್ಕೆ ಬಂದು ಬಾಗಿಲಿನ ನಂಬರ್ ನೋಡಿದರು. ನಂಬರ್ ತಮ್ಮದೇ. ತೊಟ್ಟಿಯೂ ಇದ್ದಲ್ಲೇ ಇತ್ತು. ಉಳಿದದ್ದು ಯಾವುದೂ ಇದ್ದಲ್ಲಿರಲಿಲ್ಲ. ಮೆಷಿನ್, ಮೇಜು ಎರಡೂ ಒಳಕೋಣೆ ಸೇರಿದ್ದವು. ಅಲ್ಲಿದ್ದ ಮಂಚ ಬೇರೆ ಗೋಡೆಗೆ ಹೋಗಿತ್ತು. ಕಿಟಕಿಯ ಕೆಳಗೆ ಈಗ ಎರಡು ಕುರ್ಚಿ. ನೆಲದ ಮೇಲೆ ಮೆಷಿನ್ ಎಳೆದ ಗೀರು ಉದ್ದಕ್ಕೆ ಬಿದ್ದಿತ್ತು.

ಹೆಗಲ ಮೇಲಿನ ಹಳೆಯ ಡ್ಯೂಟಿ ಚೀಲವನ್ನು ಒಂದು ಕೈಯಲ್ಲಿ ತೆಗೆದು, ನೋಡದೆಯೇ, ಬಾಗಿಲ ಹಿಂದೆ ನೇತುಹಾಕಿದರು. ಚೀಲ ಧೊಪ್ಪನೆ ಕೆಳಗೆ ಬಿತ್ತು. ಗೋಡೆಯಲ್ಲಿ ಒಂದು ತೂತು ಮಾತ್ರ ಇತ್ತು.

"ನನ್ನ ಮೊಳೆ ಎಲ್ಲೇ?" ಗಾರ್ಡ್ ಧ್ವನಿ ಸಣ್ಣಗಾಗಿತ್ತು.

"ಕಿತ್ತುಹಾಕ್ದೆ," ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಹೆಂಡತಿ ಒಳಗಿನಿಂದ ಬಂದರು. "ಮೊಳೆ ಇರೋದು ಬಂದು ಹೋಗೋರಿಗೆ. ಬೀರುವಿನಲ್ಲಿ ಮಧ್ಯದ ಖಾನೆ ಖಾಲಿ ಮಾಡಿದ್ದೀನಿ, ಅಲ್ಲಿಡಿ."

ಗಾರ್ಡ್ ಮೀನುಗಳನ್ನು ತೊಟ್ಟಿಯ ಹತ್ತಿರ ಒಯ್ದರು. ತೊಟ್ಟಿಯೊಳಗೆ ಸ್ಟೇಷನ್ ಮಾಸ್ಟರು ತನ್ನ ಮಡಕೆ ಎಲ್ಲಿ ಹೋಯಿತೆಂದು ಆ ತುದಿಯಿಂದ ಈ ತುದಿಗೆ ಅಲೆಯುತ್ತಿದ್ದ. ಪ್ಲಾಸ್ಟಿಕ್ ಚೀಲಗಳ ಬಾಯಿಗೆ ಬಿಗಿಯಾಗಿ ರಬ್ಬರ್ ಸುತ್ತಿತ್ತು, ಉಗುರಿಗೆ ಬಗ್ಗಲಿಲ್ಲ.

"ಕತ್ತರಿ ಕೊಡು."

ಆಕೆಯ ಬಲಗೈ ತಾನಾಗಿಯೇ ಪಕ್ಕಕ್ಕೆ ಹೋಯಿತು, ಮೂವತ್ತು ವರ್ಷದಿಂದ ಮೇಜಿನ ಅಂಚು ಇದ್ದ ಕಡೆಗೆ. ಅಲ್ಲಿ ಬರೀ ಗಾಳಿ. ಕೈ ಹಾಗೇ ನಿಂತಿತು.

"ಎಲ್ಲಿಟ್ಟೆನೋ, ನಂಗೂ ಗೊತ್ತಾಗ್ತಿಲ್ಲ ಕಣ್ರೀ," ಎಂದರು ಆಕೆ. "ನೀವು ಆ ಕಡೆಯಿಂದ ಹುಡುಕಿ, ನಾನು ಈ ಕಡೆಯಿಂದ ಬರ್ತೀನಿ."