ಅಕ್ಕನ ಪಕ್ಕದ ಕಿವಿ

ತಂಗಿ ಬಲಗಿವಿಗೆ ಬೆರಳಿಟ್ಟುಕೊಂಡು ಹಾಡುತ್ತಿದ್ದಳು, ಏಕೆಂದರೆ ಬಲಕ್ಕೆ ನಿಂತವಳು ಅಕ್ಕ. ಅಷ್ಟು ಭದ್ರ ಮಾಡಿಕೊಂಡರೂ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವಳ ಧಾಟಿ ಜಾರಿ ಅಕ್ಕನ ಧಾಟಿಗೆ ಸೇರಿಹೋಯಿತು. ಹಾಡಿನ ಮೇಷ್ಟ್ರು ಪಿಯಾನೊ ನಿಲ್ಲಿಸಿದರು.

"ಮತ್ತೆ ಅಕ್ಕನ ಬಾಲ ಹಿಡಿದ್ಯಾ?" ಎಂದರು. ಗುಂಪೆಲ್ಲ ಕಿಸಕ್ಕೆಂದಿತು. "ನೋಡಮ್ಮ, ಇದಕ್ಕೆ ಕೌಂಟರ್‌ಪಾಯಿಂಟ್ ಅಂತಾರೆ. ಅವಳ ಧಾಟಿ ಅವಳದು, ನಿನ್ನ ಧಾಟಿ ನಿನ್ನದು, ಎರಡೂ ಜೊತೇಲಿ ನಡೀಬೇಕು. ಬೆರಳು ತೆಗಿ. ಅವಳ ಹಾಡು ಕಿವೀಲಿರಲಿ, ನಿನ್ನದು ಬಾಯಲ್ಲಿರಲಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ನಾಳೆ ವೇದಿಕೆ ಮೇಲೆ ಎಲ್ಲರೂ ಅಕ್ಕನ ಧಾಟೀನೇ ಹಾಡೋದು, ಅಷ್ಟೇ."

ತಂಗಿಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿಸಿಕೊಳ್ಳಬೇಕಂತೆ, ಆದರೆ ಹಿಂದೆ ಹೋಗಬಾರದಂತೆ! ಅಕ್ಕ ಬಿಟ್ಟ ಸ್ವೆಟರು ತೊಟ್ಟು, ಅಕ್ಕ ಓದಿದ್ದನ್ನೇ ಓದಿ, ಹೋಟೆಲಿನಲ್ಲಿ ಕೂತರೂ "ಅಕ್ಕ ಹೇಳಿದ್ದೇ ನಂಗೂ" ಅನ್ನುತ್ತಾ ಬೆಳೆದವಳು ಅವಳು. ತನ್ನದೇ ಅಂತ ಒಂದು ಧಾಟಿ ಹಿಡಿದು ಹೊರಟರೆ ಅದು ಸರಿಯೋ ತಪ್ಪೋ ಯಾರನ್ನು ನೋಡಿ ತಿಳಿಯುವುದು?

ಬೆರಳು ತೆಗೆದಳು. ಅಕ್ಕನ ದನಿ ಕಿವಿಗೆ ನುಗ್ಗಿತು. ಅದು ಏರಿದಾಗ ಇವಳು ಇಳಿದಳು, ಅದು ತಡೆದು ನಿಂತ ಕಡೆ ಇವಳು ಮುಂದೆ ನಡೆದಳು. ಎರಡನೇ ಸಾಲು ದಾಟಿತು, ಮೂರನೆಯದೂ ದಾಟಿತು. ಆಮೇಲೆ ಏನೋ ಎಡವಟ್ಟಾಯಿತು: ಎರಡು ಧಾಟಿಯಿದ್ದದ್ದು ಒಂದೇ ಆಗಿಹೋಗಿತ್ತು. ಮತ್ತೆ ತಾನೇ ಜಾರಿದೆನೇನೋ ಎಂದು ಗಾಬರಿಬಿದ್ದು, ಹಾಡುತ್ತಲೇ ಪಕ್ಕಕ್ಕೆ ತಿರುಗಿ ನೋಡಿದಳು. ಅಕ್ಕ ಮೆಲ್ಲಗೆ ತನ್ನ ಎಡಗಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು.