ನಾಲಿಗೆಗೆ ಮುಟ್ಟಿಸಿದ ಸೋಪು

"ಈ ಬಟ್ಟೆ ಸೋಪು ನಾನೇ ಮಾಡಿದ್ದು, ಅತ್ತೆ," ಎಂದು ಓರಗಿತ್ತಿ ಅಚ್ಚಿನಿಂದ ಬಿಲ್ಲೆ ತೆಗೆದು ತೋರಿಸಿದಾಗ, ನಿನ್ನೆಯಷ್ಟೇ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಕೈ ಸೋಲುವಷ್ಟು ಕಲಕಿದ್ದ ಹಿರಿಸೊಸೆಗೆ ಮೈ ಉರಿಯಿತು. ಹೋದ ಸಲ ತಾನು ಹೊಲಿದ ಪರದೆಗಳೂ ಹೀಗೇ ಓರಗಿತ್ತಿಯ ಹೆಸರಿಗೆ ಹೋಗಿದ್ದವು.

ಆದರೂ ನಕ್ಕಳು. "ಸೋಡಾ ಉರಿ ಇಳಿದಿದೆಯಾ ಅಂತ ನಾಲಿಗೆಗೆ ಮುಟ್ಟಿಸಿ ನೋಡಿದ್ಯಾ, ತಂಗಿ? ಸೋಪು ಮಾಡೋರೆಲ್ಲ ನೋಡ್ತಾರೆ."

"ನೋಡದೆ ಇರ್ತೀನಾ, ಅಕ್ಕ?"

"ಎಲ್ಲಿ, ಅತ್ತೆ ಎದುರಿಗೆ ಇನ್ನೊಂದ್ಸಲ ನೋಡು."

ಆ ಉರಿ ಇಳಿಯಲು ತಿಂಗಳು ಬೇಕೆಂದು ತಿಳಿಯದ ಓರಗಿತ್ತಿ ಬಿಲ್ಲೆಯನ್ನು ಐಸ್‌ಕ್ಯಾಂಡಿಯಂತೆ ನೆಕ್ಕಿದಳು. ಕಣ್ಣಲ್ಲಿ ದಳದಳ ನೀರು.

"ಅಯ್ಯೋ, ಯಾರೇ ಮಾಡಿದ್ದು ಇದನ್ನ?" ಅತ್ತೆ ಗಾಬರಿಯಾದರು.

ಓರಗಿತ್ತಿ ನಾಲಿಗೆ ಚಾಚಿಕೊಂಡೇ ಹಿರಿಸೊಸೆಯತ್ತ ಬೆರಳು ತೋರಿಸಿದಳು. ಆಮೇಲಷ್ಟೇ ಹಿರಿಸೊಸೆ, ಆಗಿನಿಂದ ಬೆನ್ನ ಹಿಂದೆ ಹಿಡಿದಿದ್ದ ನೀರಿನ ಚೊಂಬನ್ನು ಮುಂದೆ ಚಾಚಿದಳು.